70 ಸಾವಿರಕ್ಕೆ ಪಿಸಿನಾ, ಪಿಎಸ್5ಆ? ದಾವಣಗೆರೆಲಿ ಕೂತು ಹಾಕಿದ ಲೆಕ್ಕ

2026ರ ಸಂಕ್ರಾಂತಿ ಮುಗಿದ ವಾರ ಜಗಳೂರಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಮೆಕ್ಕೆಜೋಳದ ದುಡ್ಡು ಕೈಗೆ ಬಂದೈತಿ, ನಿನ್ ತಮ್ಮ ಕಂಪ್ಯೂಟರ್ ಬೇಕು ಬೇಕು ಅಂತ ಒಂದ್ ವರ್ಷದಿಂದ ಕೇಳ್ತಾ ಅವ್ನೆ, 70 ಸಾವಿರ ಹಾಕ್ತೀನಿ, ನೀನೇ ಕರ್ಕೊಂಡ್ ಹೋಗಿ ಕೊಡ್ಸು, ನನಗೆ ಅದೆಲ್ಲ ತಿಳಿಯಲ್ಲ ಅಂದ್ರು. ಆ ಸಲ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ ಕಾಗದದಲ್ಲಿ ಇದ್ರೂ ಚಿಕ್ಕಪ್ಪಂಗೆ ಸಿಕ್ಕಿದ್ದು 1,750. ಹಂಗಾಗಿ ಆ 70 ಸಾವಿರ ಅಂದ್ರೆ 40 ಕ್ವಿಂಟಲ್ ಜೋಳ. ನಾನು ಆ ದಿನದಿಂದ ಈ ಪಿಸಿ ಹೆಚ್ಚಾ ಕನ್ಸೋಲ್ (ಟಿವಿಗೆ ಸಿಕ್ಕಿಸಿ ಗೇಮ್ ಆಡೋ ಡಬ್ಬ, ಸೋನಿಯ ಪ್ಲೇಸ್ಟೇಷನ್ 5 ಅಂದ್ರೆ ಪಿಎಸ್5 ಥರದ್ದು) ಹೆಚ್ಚಾ ಅನ್ನೋ ಜಗಳನ ರೂಪಾಯಿಲಿ ನೋಡೋದು ಬಿಟ್ಟು ಕ್ವಿಂಟಲ್‌ನಲ್ಲೇ ನೋಡ್ತಿದೀನಿ, ಯಾಕಂದ್ರೆ ತಪ್ಪು ವಸ್ತು ತಂದ್ರೆ ಹೋಗೋದು ಅದೇ.

ತಮ್ಮ ಇಲ್ಲೇ ದಾವಣಗೆರೆಲಿ ಇಂಜಿನಿಯರಿಂಗ್ ಎರಡನೇ ವರ್ಷ, ನಿಟುವಳ್ಳಿಲಿ ಇಬ್ರು ಫ್ರೆಂಡ್ಸ್ ಜೊತೆ ರೂಮ್ ಮಾಡ್ಕೊಂಡಿದ್ದಾನೆ. ಲ್ಯಾಪ್‌ಟಾಪ್ ಇಲ್ಲ, ಕಾಲೇಜ್ ಲ್ಯಾಬಲ್ಲೇ ಎಲ್ಲ ಕೆಲಸ. ಅವನ ತಲೇಲಿ ಇದ್ದಿದ್ದು ಒಂದೇ ಮಾತು, 60 ಸಾವಿರದ ಪಿಸಿ ಕಟ್ಟಿದ್ರೆ ಪಿಎಸ್5ನ ಹೊಡೆದು ಹಾಕುತ್ತೆ ಅಣ್ಣಾ, ವಿಡಿಯೋಗಳಲ್ಲಿ ಎಲ್ಲರೂ ಹೇಳ್ತಾರೆ ಅಂತ. ಆ ಮಾತು ಸುಳ್ಳಲ್ಲ, 2023–24ರಲ್ಲಿ ಹೆಚ್ಚುಕಮ್ಮಿ ನಿಜಾನೇ ಇತ್ತು. ಆದ್ರೆ ಆ ವಿಡಿಯೋಗಳು ಆಗಿಂದು, ನಾವು ಅಂಗಡಿಗೆ ಹೋಗಿದ್ದು 2026ರ ಜನವರಿಲಿ.

ಪಿ.ಜೆ. ಬಡಾವಣೆ ಕಡೆ ಒಂದು ಕಂಪ್ಯೂಟರ್ ಅಂಗಡಿಲಿ ಕೂತು ಕೊಟೇಶನ್ ಬರೆಸಿದ್ವಿ. ರೈಜನ್ 5 5600 ಪ್ರೊಸೆಸರ್ 11,000, ಮದರ್‌ಬೋರ್ಡು 7,500, 8 ಜಿಬಿ ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 4060 ಅದಕ್ಕೆ 30,000, ಒಳಗಿನ ಸಾಮಾನಿಗೆಲ್ಲ ಕರೆಂಟ್ ಕೊಡೋ ಎಸ್‌ಎಮ್‌ಪಿಎಸ್ 4,000, ಕ್ಯಾಬಿನೆಟ್ 3,000. ಇಲ್ಲಿವರೆಗೂ ಪೆನ್ನು ಸರಾಗ ಓಡ್ತು. ರ್ಯಾಮ್ ಅಂತ ಬರೆದು ಅಂಗಡಿಯವರು ಪೆನ್ ಎತ್ತಿ ಮೊಬೈಲ್ ನೋಡಿದ್ರು, ಡೀಲರ್‌ಗೆ ಫೋನ್ ಹಾಕಿದ್ರು, ಆಮೇಲೆ 16 ಜಿಬಿ ಡಿಡಿಆರ್4 ಮುಂದೆ 10,000 ಅಂತ ಬರೆದ್ರು. ಅದೇ ರ್ಯಾಮನ್ನ ನಾನು ಒಂದೂವರೆ ವರ್ಷದ ಹಿಂದೆ 3,500ಕ್ಕೆ ನಮ್ಮನೆ ಪಿಸಿಗೆ ಹಾಕಿಸಿದ್ದೆ. ಗೇಮು ಫೈಲು ಎಲ್ಲ ಇಡೋ 1 ಟಿಬಿ ಎಸ್‌ಎಸ್‌ಡಿ 9,000, ಆಗ 5,500 ಇತ್ತು. "ಇದು ಇವತ್ತಿನ ರೇಟ್ ಸರ್, ನಾಳೆ ಬಂದ್ರೆ ಇದೇ ರೇಟಿಗೆ ಕೊಡ್ತೀನಿ ಅಂತ ಮಾತ್ ಕೊಡಕ್ಕಾಗಲ್ಲ" ಅಂದ್ರು. ಟೊಮೆಟೊ ರೇಟ್ ಹಿಂಗೆ ಹೇಳೋದು ಕೇಳಿದ್ದೆ, ರ್ಯಾಮ್ ರೇಟ್ ಹಿಂಗೆ ಹೇಳಿದ್ದು ಕೇಳಿದ್ದು ಅದೇ ಮೊದಲು. ಕ್ಯಾಬಿನೆಟ್ ಒಳಗಿನ ಸಾಮಾನೇ 74,500 ಆಯ್ತು, ಮೇಲೆ ಮಾನಿಟರ್ 9,000, ಕೀಬೋರ್ಡ್ ಮೌಸ್ 1,500, ಯುಪಿಎಸ್ 4,500, ಒಟ್ಟು 89,500. ತಮ್ಮನ ಮುಖ ಇಳಿದುಹೋಯ್ತು.

ರ್ಯಾಮ್ ಯಾಕೆ ಹಿಂಗೆ ಏರ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಚರ್ಚೆ ಈಗ ತಿರುಗಿರೋದೇ ಈ ಒಂದು ಕಾರಣಕ್ಕೆ. ಜಗತ್ತಿನ ಮೆಮೊರಿ ಚಿಪ್ಪಲ್ಲಿ ಬಹುಪಾಲು ಮಾಡೋದು ಮೂರೇ ಕಂಪನಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾಗೋ ಎಚ್‌ಬಿಎಮ್ ಅನ್ನೋ ಮೆಮೊರಿಲಿ ಲಾಭ ಜಾಸ್ತಿ, ಹಂಗಾಗಿ ಫ್ಯಾಕ್ಟರಿ ಲೈನ್‌ಗಳು ಅತ್ತ ತಿರುಗಿದ್ವು, ನಮ್ಮಂಥೋರು ಹಾಕಿಸೋ ಮಾಮೂಲಿ ರ್ಯಾಮ್‌ಗೆ ಉಳಿದಿದ್ದು ಕಮ್ಮಿ. 2025ರ ಕೊನೇ ತಿಂಗಳುಗಳಲ್ಲಿ ರೇಟು ಎರಡು ಮೂರು ಪಟ್ಟಾಯ್ತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ಗ್ರಾಹಕರ ಮಾರ್ಕೆಟಿಂದ ವಾಪಸ್ ತಗೋತೀವಿ ಅಂತ ಘೋಷಣೆ ಮಾಡ್ತು, ನಮ್ಮ ಊರಲ್ಲಿ ಅಗ್ಗದ ಪಿಸಿ ಕಟ್ಟೋರು ಎಷ್ಟೋ ಜನ ನೆಚ್ಚಿಕೊಂಡಿದ್ದು ಅದೇ ಬ್ರ್ಯಾಂಡು. ಹಿಂದೆ 2021ರಲ್ಲಿ ಹಿಂಗೇ ಗ್ರಾಫಿಕ್ಸ್ ಕಾರ್ಡಿಗೆ ಬಂದಿತ್ತು, ಆಗ ಒಂದು ದೊಡ್ಡ ಕಾರಣ ಕ್ರಿಪ್ಟೋ ಮೈನಿಂಗ್, 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಅನ್ನೋ ಕ್ರಿಪ್ಟೋದ ವ್ಯವಸ್ಥೆನೇ ಬದಲಾಗಿ ಕಾರ್ಡ್ ಇಟ್ಕೊಂಡು ಮೈನಿಂಗ್ ಮಾಡೋದು ನಿಂತ್ ಮೇಲೆ ಅದು ಇಳೀತು. ಈಗಿನದು ಹಂಗೆ ಒಂದೇ ದಿನದಲ್ಲಿ ನಿಲ್ಲೋ ಕಾಯಿಲೆ ಅಲ್ಲ.

ಇನ್ನು ಕನ್ಸೋಲ್ ಕಡೆ ಬರೋಣ. ಪಿಎಸ್5 ಭಾರತಕ್ಕೆ ಬಂದಿದ್ದು 2021ರ ಫೆಬ್ರವರಿ 2ಕ್ಕೆ, ಗೇಮಿನ ಡಿಸ್ಕ್ ಹಾಕೋ ಜಾಗ ಇರೋದು 49,990, ಡಿಸ್ಕ್ ಇಲ್ಲದ್ದು 39,990. 2022ರ ಕೊನೇಲಿ ಐದು ಸಾವಿರ ಏರಿಸಿದ್ರು, 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಅನ್ನೋ ಸಣ್ಣ ಮಾಡೆಲ್ ಬಂದಾಗ್ಲೂ ಅದೇ 54,990 ಮತ್ತು 44,990. ಹಳೇ ಕಾಲದಲ್ಲಿ ಕನ್ಸೋಲ್ ಅಂದ್ರೆ ವರ್ಷ ಕಳೆದಂಗೆ ರೇಟ್ ಇಳೀತಿತ್ತು, ಈ ಪೀಳಿಗೆಲಿ ಅದು ಉಲ್ಟಾ ಆಗಿದೆ, ಅಮೆರಿಕದಲ್ಲೂ 499 ಡಾಲರ್ ಇದ್ದ ಪಿಎಸ್5ನ 2025ರ ಆಗಸ್ಟಲ್ಲಿ 549 ಮಾಡಿದ್ರು. ಆದ್ರೂ ಒಂದು ಮಾತು ಗಮನಿಸ್ಬೇಕು. ಕನ್ಸೋಲ್ ಮಾರೋ ಕಂಪನಿಗೆ ಡಬ್ಬದಲ್ಲೇ ಲಾಭ ಆಗ್ಬೇಕು ಅಂತೇನಿಲ್ಲ, ಸೋನಿ ಶುರುಲಿ ನಷ್ಟಕ್ಕೇ ಮಾರ್ತಿತ್ತು, 2021ರಲ್ಲಿ ಡಿಸ್ಕ್ ಮಾಡೆಲ್ ಮೇಲೆ ಇನ್ನು ನಷ್ಟ ಇಲ್ಲ ಅಂತ ಅವರೇ ಹೇಳಿದ್ರು. ಅವರ ದುಡಿಮೆ ಇರೋದು ಗೇಮ್ ಮಾರಾಟದ ಪಾಲಲ್ಲಿ, ವರ್ಷದ ಚಂದಾದಲ್ಲಿ. ಪಿಸಿಲಿ ಹಂಗಲ್ಲ, ಪ್ರೊಸೆಸರ್ ಕಂಪನಿ, ಬೋರ್ಡ್ ಕಂಪನಿ, ಕಾರ್ಡ್ ಕಂಪನಿ, ಡೀಲರು, ಅಂಗಡಿಯವರು, ಒಬ್ಬೊಬ್ಬರೂ ಅವರವರ ಸಾಮಾನಲ್ಲೇ ಲಾಭ ತಗೋಬೇಕು, ಯಾಕಂದ್ರೆ ನೀವು ಆಮೇಲೆ ಗೇಮ್ ತಗೊಂಡ್ರೆ ಅವರಿಗೆ ಒಂದ್ ಪೈಸೆ ಬರಲ್ಲ. ಅದಕ್ಕೇ ಅದೇ ತಾಕತ್ತಿನ ವಸ್ತು ಪಿಸಿಲಿ ಯಾವಾಗ್ಲೂ ಮೊದಲ ದಿನ ದುಬಾರಿ, ಆಮೇಲೆ ಗೇಮ್‌ನಲ್ಲಿ ಅಗ್ಗ. ಪ್ರಶ್ನೆ ಇರೋದು ಆ "ಆಮೇಲೆ" ಎಷ್ಟು ವರ್ಷ ಅಂತ.

ಅದನ್ನೇ ಲೆಕ್ಕ ಹಾಕಿದೆ, ಅಂಗಡಿ ಎದುರು ಚಹಾ ಕುಡೀತಾ ಕೊಟೇಶನ್ ಚೀಟಿ ಹಿಂದೇನೇ. ರೂಮಲ್ಲಿ ಟಿವಿ ಇಲ್ಲ, ಹಂಗಾಗಿ ಪಿಎಸ್5ಗೂ ಅದೇ 9,000ದ ಮಾನಿಟರ್ ಬೇಕು, 54,990 ಸೇರಿದ್ರೆ 64 ಸಾವಿರ ಆಯ್ತು. ಪಿಸಿಗಿಂತ 25,500 ಕಮ್ಮಿ. ಈಗ ವರ್ಷಕ್ಕೆ ನಾಲ್ಕು ದೊಡ್ಡ ಗೇಮ್ ಅಂತ ಇಟ್ಕೊಳ್ಳಿ, ನಮ್ಮ ಕಡೆ ಓದೋ ಹುಡುಗ್ರಿಗೆ ಅಷ್ಟೇ ಜಾಸ್ತಿ. ಪಿಎಸ್5ನ ದೊಡ್ಡ ಗೇಮಿನ ಡಿಸ್ಕ್ ಹೊಸದು 5,000, ಆಡಿ ಮುಗಿಸಿ ಎರಡ್ ಮೂರ್ ತಿಂಗಳೊಳಗೆ ಮಾರಿದ್ರೆ 3,000ದ ಹತ್ರ ವಾಪಸ್ ಬರುತ್ತೆ, ಕೈಬಿಟ್ಟಿದ್ದು ಗೇಮಿಗೆ 2,000. ಪಿಸಿಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಸಮ್ಮರ್ ಸೇಲೋ ವಿಂಟರ್ ಸೇಲೋ ಕಾಯ್ದು ತಗೊಂಡ್ರೆ ಸರಾಸರಿ 1,500. ಅಲ್ಲಿಗೆ ಗೇಮಲ್ಲಿ ವರ್ಷಕ್ಕೆ 2,000 ವ್ಯತ್ಯಾಸ. ಪಿಎಸ್5ಲಿ ದುಡ್ಡು ಕೊಟ್ಟು ತಗೊಂಡ ಗೇಮನ್ನ ಆನ್‌ಲೈನ್‌ನಲ್ಲಿ ಆಡಬೇಕಂದ್ರೆ ಪಿಎಸ್ ಪ್ಲಸ್ ಬೇಕು, ಎಲ್ಲಕ್ಕಿಂತ ಕೆಳಗಿನ ಪ್ಲ್ಯಾನೇ 2023ರ ಏರಿಕೆ ಆದ್ಮೇಲೆ ವರ್ಷಕ್ಕೆ 4,000ದ ಹತ್ರ ಇತ್ತು, ಪಿಸಿಲಿ ಆ ಖರ್ಚೇ ಇಲ್ಲ. ಒಟ್ಟು ವರ್ಷಕ್ಕೆ 6,000 ಪಿಸಿಗೆ ಉಳಿತಾಯ. 25,500ನ 6,000ದಿಂದ ಭಾಗಿಸಿದ್ರೆ ನಾಲ್ಕು ವರ್ಷದ ಮೇಲೆ. ಹಳೇ ರ್ಯಾಮ್ ರೇಟು, ಹಳೇ ಎಸ್‌ಎಸ್‌ಡಿ ರೇಟು ಇದ್ದಿದ್ರೆ ಪಿಸಿ ಹತ್ತು ಸಾವಿರ ಅಗ್ಗ ಆಗಿರೋದು, ಎರಡೂವರೆ ವರ್ಷಕ್ಕೆ ಲೆಕ್ಕ ಸರಿಹೋಗಿರೋದು. ಅಂದ್ರೆ ಪಿಸಿ ಲಾಭ ಅನ್ನೋ ವಾದ ಸತ್ತಿಲ್ಲ, ಅದರ ಫಲ ಸಿಗೋ ದಿನ ಒಂದೂವರೆ ವರ್ಷಕ್ಕಿಂತ ಜಾಸ್ತಿ ಮುಂದಕ್ಕೆ ಹೋಗಿದೆ. ನಾಲ್ಕು ವರ್ಷ ಆಗೋಷ್ಟರಲ್ಲಿ ಈ ಹುಡುಗ ಡಿಗ್ರಿ ಮುಗಿಸಿ ಎಲ್ಲಿರ್ತಾನೋ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಡಿಸ್ಕು. ಜನ ಟೆರಾಫ್ಲಾಪ್ (ಚಿಪ್ ಲೆಕ್ಕ ಮಾಡೋ ವೇಗ) ಬಗ್ಗೆ ರಾತ್ರಿಯೆಲ್ಲ ಜಗಳ ಆಡ್ತಾರೆ, ಆ ಒಂದು ಡಿಸ್ಕ್ ಡ್ರೈವ್ ಬಗ್ಗೆ ಯಾರೂ ಮಾತಾಡಲ್ಲ. ಅದೇ ಹುಡುಗ 44,990ದ ಡಿಸ್ಕ್ ಇಲ್ಲದ ಡಿಜಿಟಲ್ ಮಾಡೆಲ್ ತಗೊಂಡು ಗೇಮ್‌ಗಳನ್ನ ಬಿಡುಗಡೆ ದಿನವೇ ಪೂರ್ತಿ ರೇಟಿಗೆ ತಗೊಂಡ ಅಂತ ಇಟ್ಕೊಳ್ಳಿ, ನಾಲ್ಕು ಗೇಮಿಗೆ 20,000, ಮಾರಕ್ಕಾಗಲ್ಲ, ಗೆಳೆಯನಿಗೆ ಕೊಟ್ಟು ಅವನದ್ದು ಇಸ್ಕೊಳಕ್ಕಾಗಲ್ಲ. ಆಗ ಪಿಸಿ ಜೊತೆ ವರ್ಷದ ವ್ಯತ್ಯಾಸ 18,000ಕ್ಕೆ ಹಾರುತ್ತೆ, ಕನ್ಸೋಲ್ ಡಬ್ಬದಲ್ಲಿ ಉಳಿಸಿದ ದುಡ್ಡು ಎರಡು ವರ್ಷ ತುಂಬೋದ್ರೊಳಗೆ ಕರಗಿ ಹೋಗುತ್ತೆ. ಡಿಸ್ಕ್ ಮಾಡೆಲಿಗೆ ಜಾಸ್ತಿ ಕೊಟ್ಟ ಹತ್ತು ಸಾವಿರ, ನಾಲ್ಕು ಡಿಸ್ಕ್ ಮಾರಿದ್ರೆ ವಾಪಸ್. ದಾವಣಗೆರೆಲಿ ಒಂದು ಡಿಸ್ಕ್ ಹೆಂಗೆ ಓಡಾಡುತ್ತೆ ಅಂತ ನಾನು ನೋಡಿದೀನಿ, ವಿದ್ಯಾನಗರದಲ್ಲಿ ಒಬ್ಬ ತಗೊಂಡಿದ್ದು ಎಂಸಿಸಿ ಬಿ ಬ್ಲಾಕಿಗೆ ಹೋಗಿ, ಅಲ್ಲಿಂದ ಹರಿಹರಕ್ಕೆ ಹೋಗಿ, ಚಿತ್ರದುರ್ಗದ ಬಸ್ಸಲ್ಲಿ ಯಾರದ್ದೋ ಕೈಲಿ ಕೂತು ದುರ್ಗಕ್ಕೂ ಹೋಗಿ ಬರುತ್ತೆ, ನಾಲ್ಕು ಮನೇಲಿ ಆಡಿರ್ತಾರೆ. ನಮ್ಮಂಥ ಊರಲ್ಲಿ ಕನ್ಸೋಲ್‌ನ ಅಗ್ಗ ಮಾಡ್ತಿರೋದು ಈ ಕೈಬದಲಾವಣೆ. ಅದನ್ನ ಬಿಟ್ಟುಕೊಟ್ಟು ಡಿಜಿಟಲ್ ತಗೋಬೇಡಿ ಅಂತ ನಾನು ಕೇಳಿದೋರಿಗೆಲ್ಲ ಹೇಳ್ತೀನಿ.

ಪಿಸಿಲಿ ಗೇಮ್ ಫ್ರೀ ಅಲ್ವಾ ಅಂತ ಕೇಳೋರೂ ಇದ್ದಾರೆ. ಎಪಿಕ್ ಸ್ಟೋರ್‌ನೋರು 2018ರಿಂದ ನಿಜವಾಗ್ಲೂ ಫ್ರೀ ಕೊಡ್ತಿದ್ದಾರೆ, ಗುರುವಾರ ಗುರುವಾರ ನೋಡ್ತಿದ್ರೆ ಒಳ್ಳೊಳ್ಳೆ ಗೇಮ್ ಸಿಗುತ್ತೆ. ಅದು ಬಿಟ್ಟು ಪೆನ್‌ಡ್ರೈವಲ್ಲಿ ಬರೋ ಕ್ರ್ಯಾಕ್ ಗೇಮನ್ನ ಲೆಕ್ಕಕ್ಕೆ ಸೇರಿಸಿ ಪಿಸಿನೇ ಅಗ್ಗ ಅನ್ನೋದಾದ್ರೆ ಅದು ಹೋಲಿಕೆನೇ ಅಲ್ಲ, ಯಾರೋ ಮೂರು ನಾಲ್ಕು ವರ್ಷ ಕೂತು ಮಾಡಿದ ಕೆಲಸಕ್ಕೆ ಸೊನ್ನೆ ರೂಪಾಯಿ ಬೆಲೆ ಕಟ್ಟಿದಂಗೆ.

ಈಗ ಪರ್ಫಾರ್ಮೆನ್ಸ್. ಇಲ್ಲಿ ಎರಡೂ ಕಡೆಯೋರು ಅರ್ಧರ್ಧ ಸತ್ಯ ಹೇಳ್ತಾರೆ. ಪಿಎಸ್5 ಒಳಗಿರೋದು 2020ರ ಸಾಮಾನು, ಎಎಮ್‌ಡಿಯ ಝೆನ್ 2 ಪೀಳಿಗೆಯ ಎಂಟು ಕೋರಿನ ಪ್ರೊಸೆಸರ್, 10.28 ಟೆರಾಫ್ಲಾಪ್ ಗ್ರಾಫಿಕ್ಸ್, 16 ಜಿಬಿ ಮೆಮೊರಿ. ಕಾಗದದ ಮೇಲೆ ಆರ್‌ಟಿಎಕ್ಸ್ 4060 ಇದಕ್ಕಿಂತ ಮುಂದೆ, ಕಿರಣ ಬೆಳಕಿನ ಲೆಕ್ಕ ಮಾಡೋ ರೇ ಟ್ರೇಸಿಂಗಲ್ಲಿ, ಸಣ್ಣ ಚಿತ್ರನ ಎಐ ಇಟ್ಕೊಂಡು ಹಿಗ್ಗಿಸೋ ಡಿಎಲ್‌ಎಸ್‌ಎಸ್‌ನಲ್ಲಿ ಮುಂದೇನೇ. ಆದ್ರೆ ಪಿಎಸ್5ನ 16 ಜಿಬಿ ಅನ್ನೋದು ಪ್ರೊಸೆಸರ್ರೂ ಗ್ರಾಫಿಕ್ಸೂ ಸೇರಿ ಹಂಚ್ಕೊಳೋದು, ಸಿಸ್ಟಮ್‌ಗೆ ಹೋಗಿ ಉಳಿದಿದ್ದು 12 ಜಿಬಿ ಆಸುಪಾಸು ಗೇಮಿಗೇ ಸಿಗುತ್ತೆ, ಅದರಲ್ಲಿ ದೊಡ್ಡ ಪಾಲು ಟೆಕ್ಸ್ಚರ್‌ಗೆ (ಗೇಮಲ್ಲಿ ಗೋಡೆ, ಬಟ್ಟೆ ಮೇಲೆ ಅಂಟಿಸೋ ಚಿತ್ರಗಳಿಗೆ) ಬಳಸ್ಕೋಬಹುದು. 4060ರಲ್ಲಿರೋದು 8 ಜಿಬಿ, ಅಷ್ಟೇ, ತುಂಬಿದ್ರೆ ತುಂಬ್ತು. 2023ರ ಮಾರ್ಚಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ 8 ಜಿಬಿ ಕಾರ್ಡುಗಳು ಉಸಿರು ಕಟ್ಟಿದ್ದು ಇದಕ್ಕೇ, ಆಮೇಲೆ ಪ್ಯಾಚ್ ಮೇಲೆ ಪ್ಯಾಚ್ ಬಂದು ಸುಧಾರಿಸ್ತು. ಅದೇ ಥರ ಕನ್ಸೋಲ್ ಅಂದ್ರೆ ಯಾವಾಗ್ಲೂ ಸಲೀಸು ಅಂತ ಅಂದ್ಕೊಳೋದೂ ತಪ್ಪು, 2020ರ ಡಿಸೆಂಬರಲ್ಲಿ ಸೈಬರ್‌ಪಂಕ್ 2077 ಪಿಎಸ್4ಲಿ ಎಷ್ಟು ಕೆಟ್ಟದಾಗಿ ಓಡ್ತು ಅಂದ್ರೆ ಸೋನಿ ಅದನ್ನ ಸ್ಟೋರಿಂದಲೇ ತೆಗೆದು ಆರು ತಿಂಗಳು ಆಚೆ ಇಟ್ಟಿತ್ತು.

ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋ ಸಂಖ್ಯೆ ಬಗ್ಗೆ ಒಂದು ಮಾತು. 30 ಎಫ್‌ಪಿಎಸ್ ಅಂದ್ರೆ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತೆ, 60 ಅಂದ್ರೆ ಸುಮಾರು 17, 120 ಅಂದ್ರೆ 8. 30ರಿಂದ 60ಕ್ಕೆ ಹೋದಾಗ 16 ಮಿಲಿಸೆಕೆಂಡ್ ಉಳೀತು, ಅದು ಯಾರಿಗಾದ್ರೂ ಕಣ್ಣಿಗೆ ಕಾಣುತ್ತೆ. 60ರಿಂದ 120ಕ್ಕೆ ಹೋದಾಗ ಉಳಿದಿದ್ದು ಅದರರ್ಧ. ಅಂದ್ರೆ ಮೇಲಕ್ಕೆ ಹೋದಂಗೆ ದುಡ್ಡು ಜಾಸ್ತಿ, ಸಿಗೋದು ಕಮ್ಮಿ. ಅದಕ್ಕಿಂತ ಮುಖ್ಯವಾದದ್ದು ಆ ಚಿತ್ರಗಳು ಸಮ ಅಂತರದಲ್ಲಿ ಬರ್ತಿದಾವಾ ಅನ್ನೋದು. ಸರಾಸರಿ 80 ಅಂತ ತೋರಿಸ್ತಾ ಮಧ್ಯ ಮಧ್ಯ ಗಕ್ ಅಂತ ನಿಂತು ಹೋಗೋ ಪಿಸಿಗಿಂತ ಒಂದೇ ಸಮ 60 ಕೊಡೋ ಕನ್ಸೋಲ್ ಆಡೋಕೆ ಹಿತ. ಪಿಸಿಲಿ ಆ ಗಕ್ ಬರೋದಕ್ಕೆ ದೊಡ್ಡ ಕಾರಣ ಶೇಡರ್. ಗೇಮಲ್ಲಿ ನೀರು ಹೆಂಗೆ ಹೊಳೀಬೇಕು, ಬೆಂಕಿ ಹೆಂಗೆ ಕಾಣ್ಬೇಕು ಅಂತ ಹೇಳೋ ಸಣ್ಣ ಸಣ್ಣ ಪ್ರೋಗ್ರಾಮ್‌ಗಳಿಗೆ ಶೇಡರ್ ಅಂತಾರೆ. ಎಲ್ಲ ಪಿಎಸ್5ನಲ್ಲೂ ಒಂದೇ ಥರದ ಚಿಪ್ ಇರೋದ್ರಿಂದ ಅವನ್ನ ಮೊದಲೇ ಪೂರ್ತಿ ಬೇಯಿಸಿ ಕೊಟ್ಟುಬಿಡಬಹುದು, ಪಿಸಿಲಿ ಒಬ್ಬೊಬ್ಬರ ಕಾರ್ಡು ಒಂದೊಂದು ಥರ, ಹಂಗಾಗಿ ಅಡುಗೆ ನಿಮ್ಮನೇಲೇ ಆಗ್ಬೇಕು, ಕೆಲವು ಗೇಮ್ ಶುರುಲೇ ಹತ್ತು ಹದಿನೈದು ನಿಮಿಷ ಕೂರಿಸಿ ಬೇಯಿಸುತ್ತೆ, ಕೆಲವು ಆಟದ ಮಧ್ಯೆ ಬೇಯಿಸೋಕೆ ಹೋಗಿ ಗಕ್ ಅನ್ನುತ್ತೆ. ಇದು ದುಬಾರಿ ಕಾರ್ಡ್ ಹಾಕಿದ್ರೂ ಪೂರ್ತಿ ಹೋಗಲ್ಲ.

ಕನ್ಸೋಲ್ ಡಬ್ಬದ ಮೇಲೆ 4ಕೆ ಅಂತ ಬರೆದಿರೋದನ್ನೂ ಹಂಗೇ ನಂಬಬಾರ್ದು. ಪರ್ಫಾರ್ಮೆನ್ಸ್ ಮೋಡಲ್ಲಿ 60 ಎಫ್‌ಪಿಎಸ್ ಕೊಡೋಕೆ ಬಹಳಷ್ಟು ಗೇಮ್‌ಗಳು ಒಳಗೆ ಕಮ್ಮಿ ರೆಸೊಲ್ಯೂಶನ್‌ನಲ್ಲಿ ಚಿತ್ರ ಬರೆದು ಆಮೇಲೆ ಹಿಗ್ಗಿಸಿ ತೋರಿಸ್ತವೆ. ಆರಡಿ ದೂರದಲ್ಲಿ ಕೂತು ಟಿವಿಲಿ ನೋಡಿದ್ರೆ ಅದು ಗೊತ್ತಾಗಲ್ಲ, ಎರಡಡಿ ದೂರದ ಮಾನಿಟರಲ್ಲಿ ಗೊತ್ತಾಗುತ್ತೆ. ಹಂಗಾಗಿ ಮನೇಲಿ ಆಗ್ಲೇ 43 ಇಂಚಿನ ಟಿವಿ ಇದ್ರೆ ಕನ್ಸೋಲ್‌ನ ಲೆಕ್ಕವೇ ಬೇರೆ, ಆ ಮಾನಿಟರ್ ದುಡ್ಡೂ ಉಳೀತು, ಅಪ್ಪ ಅಮ್ಮ ಅಕ್ಕನ ಮಕ್ಕಳು ಎಲ್ಲ ಕೂತು ಆಡಬಹುದು. ಟಿವಿ ಹೊಸದಾಗಿ ತಗೊಳೋರಿಗೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡದಕ್ಕೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದ್ದೂ ಒಂದು ಅನುಕೂಲ.

ಯಾವ ಗೇಮ್ ಆಡ್ತೀರಾ ಅನ್ನೋದನ್ನ ಕೊನೇಗೆ ಕೇಳ್ತಾರೆ, ಮೊದಲು ಕೇಳ್ಬೇಕಾಗಿದ್ದು ಅದನ್ನೇ. ಜಿಟಿಎ 6ಗೆ ಕಾಯ್ತಿರೋನಾದ್ರೆ ಅದು 2026ರ ನವೆಂಬರ್ 19ಕ್ಕೆ ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ ಅಂತ ಹೇಳಿದ್ದಾರೆ, ಪಿಸಿಗೆ ದಿನಾಂಕವೇ ಕೊಟ್ಟಿಲ್ಲ. ಜಿಟಿಎ 5 ಕನ್ಸೋಲ್‌ಗೆ ಬಂದಿದ್ದು 2013ರ ಸೆಪ್ಟೆಂಬರ್, ಪಿಸಿಗೆ 2015ರ ಏಪ್ರಿಲ್, 19 ತಿಂಗಳು ಕಾಯಿಸಿದ್ರು. ರೆಡ್ ಡೆಡ್ ರಿಡೆಂಪ್ಶನ್ 2ಕ್ಕೂ ಒಂದ್ ವರ್ಷ. ಸೋನಿಯ ಸ್ವಂತ ಗೇಮ್‌ಗಳೂ ಅಷ್ಟೇ, 2018ರ ಗಾಡ್ ಆಫ್ ವಾರ್ ಪಿಸಿಗೆ ಬಂದಿದ್ದು 2022ರ ಜನವರಿಲಿ. ಇನ್ನೊಂದು ಕಡೆ ಕೌಂಟರ್ ಸ್ಟ್ರೈಕ್ 2 ಕನ್ಸೋಲಲ್ಲಿ ಇಲ್ಲವೇ ಇಲ್ಲ. ವ್ಯಾಲರಂಟ್ 2024ರಲ್ಲಿ ಕನ್ಸೋಲ್‌ಗೆ ಬಂತು, ಆದ್ರೆ ಪಿಸಿಯೋರು ಕನ್ಸೋಲಿನೋರು ಒಟ್ಟಿಗೆ ಆಡಕ್ಕಾಗಲ್ಲ, ರೂಮ್‌ಮೇಟ್ಸ್ ಪಿಸಿಲಿ ಇದ್ರೆ ನೀವು ಒಂಟಿ. ಇವೆರಡೂ ಫ್ರೀ ಗೇಮು, ಭಾರಿ ಕಾರ್ಡೂ ಬೇಡ.

ಕರೆಂಟ್ ವಿಷಯ ವಿದೇಶದ ಲೆಕ್ಕದಲ್ಲಿ ಇರಲ್ಲ, ನಮ್ಮ ಲೆಕ್ಕದಲ್ಲಿ ಇರಲೇಬೇಕು. ಪಿಎಸ್5 ಭಾರಿ ಗೇಮ್ ಆಡುವಾಗ ಮಾನಿಟರ್ ಸೇರಿ 200 ವ್ಯಾಟ್ ಆಸುಪಾಸು ಎಳೆಯುತ್ತೆ, ಮೇಲಿನ ಕೊಟೇಶನ್‌ನಂಥ ಪಿಸಿ ಮಾನಿಟರ್ ಸೇರಿ 300 ಅಂತ ಇಟ್ಕೊಳ್ಳಿ. ದಿನಕ್ಕೆ ಮೂರು ಗಂಟೆ ಆಡಿದ್ರೆ ತಿಂಗಳಿಗೆ 18 ಯೂನಿಟ್ ಮತ್ತೆ 27 ಯೂನಿಟ್. ಇದೇನು ಮಹಾ ಅನ್ನಿಸಬಹುದು, ಆದ್ರೆ ಗೃಹಜ್ಯೋತಿ ನಿಯಮ ನೆನಪಿಸ್ಕೊಳ್ಳಿ, 200 ಯೂನಿಟ್ ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ನಮ್ಮನೇಲಿ ಬೇಸಿಗೆಲಿ ಫ್ಯಾನು ಕೂಲರ್ ಸೇರಿ 180ರ ಹತ್ರ ಬರ್ತಿತ್ತು, ನಾನು ಒಂದು ಏಪ್ರಿಲಲ್ಲಿ ರಜೆ ಹಾಕ್ಕೊಂಡು ದಿನಾ ಆಡಿದೆ, 209 ಬಂತು, ಅಮ್ಮ ಬಿಲ್ ಹಿಡ್ಕೊಂಡು ಇದೇನೋ ಸೊನ್ನೆ ಬರೋದು ಇಷ್ಟು ಬಂದೈತಿ ಅಂತ ಕೇಳಿದ್ರು. ಆ ತಿಂಗಳು ಹೆಚ್ಚಾಗಿದ್ದು 29 ಯೂನಿಟ್, ಕಟ್ಟಿದ್ದು 209ಕ್ಕೆ. ಈ ಗೆರೆ ಹತ್ರ ಇರೋ ಮನೆಗಳಲ್ಲಿ ಪಿಸಿ ಕನ್ಸೋಲ್ ನಡುವಿನ ಆ ಒಂಬತ್ತು ಯೂನಿಟ್ಟೂ ದೊಡ್ಡದೇ.

ಯುಪಿಎಸ್‌ಗೆ 4,500 ಯಾಕೆ ಅಂತ ತಮ್ಮ ಕೇಳಿದ, ಅದನ್ನ ತೆಗೆದ್ರೆ ಕಮ್ಮಿ ಆಗುತ್ತಲ್ಲ ಅಂತ. 2019ರಲ್ಲಿ ನಾನು ನನ್ನ ಮೊದಲ ಪಿಸಿ ಕಟ್ಟಿಸಿದಾಗ ಅದನ್ನೇ ಮಾಡಿದ್ದೆ. ಹೆಸರಿಲ್ಲದ ಅಗ್ಗದ ಎಸ್‌ಎಮ್‌ಪಿಎಸ್, ಯುಪಿಎಸ್ ಇಲ್ಲ. ಜೂನ್‌ನ ಒಂದು ಸಂಜೆ, ಮಳೆ ಶುರುವಾಗಿ ಕರೆಂಟ್ ಹೋಯ್ತು, ಬಂತು, ಇನ್ನೊಂದ್ಸಲ ಹೋಗಿ ಬಂತು, ಎರಡನೇ ಸಲಕ್ಕೆ ಕ್ಯಾಬಿನೆಟ್ ಹಿಂದಿಂದ ಪಟ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಎಸ್‌ಎಮ್‌ಪಿಎಸ್ ಒಂದೇ ಹೋಗಿದ್ರೆ ಪರವಾಗಿರಲಿಲ್ಲ, ಬೋರ್ಡನ್ನೂ ಕರ್ಕೊಂಡ್ ಹೋಯ್ತು. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಸ್‌.ಪಿ. ರೋಡಲ್ಲಿ ಅಂಗಡಿ ಅಂಗಡಿ ಸುತ್ತಿ ಅದೇ ಸಾಕೆಟ್ಟಿನ ಬೋರ್ಡ್ ತಂದೆ. ಉಳಿಸಿದ್ದು ಐದು ಸಾವಿರ, ಕಳ್ಕೊಂಡಿದ್ದು ಅದಕ್ಕಿಂತ ಜಾಸ್ತಿ. ಅವತ್ತಿಂದ ಯಾರು ಕೇಳಿದ್ರೂ ಕಾರ್ಡ್ ಒಂದು ಮೆಟ್ಟಿಲು ಕೆಳಗೆ ಇಳಿಸಿ, ಎಸ್‌ಎಮ್‌ಪಿಎಸ್ ಇಳಿಸ್ಬೇಡಿ ಅಂತೀನಿ.

ಆದ್ರೆ ಅದೇ ಘಟನೇಲಿ ಪಿಸಿಯ ಒಂದು ಒಳ್ಳೇ ಗುಣನೂ ಇದೆ. ಹೋಗಿದ್ದು ಎರಡು ಸಾಮಾನು, ಬದಲಾಯಿಸಿದ್ದು ಎರಡು ಸಾಮಾನು, ಉಳಿದಿದ್ದೆಲ್ಲ ಇವತ್ತಿಗೂ ಓಡ್ತಿದೆ. ಪರಿಚಯದವರೊಬ್ಬರ ಕನ್ಸೋಲ್‌ನ ಎಚ್‌ಡಿಎಮ್‌ಐ ಪೋರ್ಟು ಕೇಬಲ್ ಎಳೆದು ಬಾಗಿಹೋಯ್ತು, ಇಲ್ಲಿ ಯಾರೂ ಮುಟ್ಟೋಕೆ ಒಪ್ಪಲಿಲ್ಲ, ಬೆಂಗಳೂರಿಗೆ ಕಳ್ಸಿ ಮೂರು ವಾರ ಕಾದ್ರು. ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್, ಅಲ್ಲಿರೋರಿಗೆ ರಿಪೇರಿ ಅನ್ನೋದು ಒಂದು ಸಂಜೆ ಕೆಲಸ, ನಮಗೆ ಅದು ಪಾರ್ಸಲ್ ಮತ್ತು ಕಾಯೋದು. ಕಂಪ್ಯೂಟರ್ ಬಿಚ್ಚೋ ಹುಡುಗ್ರು ದಾವಣಗೆರೆಲಿ ಬೇಕಾದಷ್ಟು ಇದ್ದಾರೆ.

ಹಿಂಗೆಲ್ಲ ಮಾತಾಡಿದ ಮೇಲೆ ತಮ್ಮನನ್ನ ಕೇಳಿದೆ, ನಿಜ ಹೇಳು, ಯಾವ ಗೇಮ್ ಆಡ್ತೀಯಾ ಅಂತ. ವ್ಯಾಲರಂಟ್ ಅಣ್ಣಾ, ಫ್ರೆಂಡ್ಸ್ ಎಲ್ಲ ಅದೇ, ಸಿಎಸ್2 ಒಂದೊಂದ್ಸಲ ಅಂದ. ದೊಡ್ಡ ಗೇಮು? ಆಡಬೇಕು ಅನ್ಸುತ್ತೆ, ಆದ್ರೆ ಸೆಮಿಸ್ಟರ್ ಮಧ್ಯ ಟೈಮ್ ಎಲ್ಲಿ ಅಂದ. ಹಂಗಾದ್ರೆ ಆ 30 ಸಾವಿರದ ಕಾರ್ಡ್ ಯಾಕೆ ಅಂತ ಕೇಳಿದ್ದಕ್ಕೆ ಸುಮ್ಮನಾದ. ಅವನು ಕಾಲೇಜಿನ ಪ್ರಾಜೆಕ್ಟ್ ಮಾಡಬೇಕು, ಕೋಡ್ ಬರೀಬೇಕು, ಅದು ಪಿಎಸ್5ನಲ್ಲಿ ಆಗಲ್ಲ. ಅವನಿಗೆ ಟಿವಿ ಇದ್ದು, ಲ್ಯಾಪ್‌ಟಾಪ್ ಇದ್ದು, ಆಟಕ್ಕೆ ಅಂತಲೇ ದುಡ್ಡಿದ್ದಿದ್ರೆ ನಾನು ಎರಡನೇ ಮಾತಿಲ್ದೆ ಡಿಸ್ಕ್ ಇರೋ ಪಿಎಸ್5 ಕೊಡಿಸ್ತಿದ್ದೆ, ಆಗಿನ ರೇಟಲ್ಲಿ ಬರೀ ಆಟಕ್ಕೆ ಅದೇ ಸರಿ ಇತ್ತು.

ಅದೇ ಅಂಗಡಿಗೆ ವಾಪಸ್ ಹೋಗಿ ಚೀಟಿ ಬೇರೆ ಬರೆಸಿದ್ವಿ. ಪ್ರೊಸೆಸರ್ ರೈಜನ್ 5 5600ಜಿ, ಇದರೊಳಗೇ ಸಣ್ಣ ಗ್ರಾಫಿಕ್ಸ್ ಇರುತ್ತೆ, 12,000. ಬೋರ್ಡ್ 7,000, 500 ಜಿಬಿ ಎಸ್‌ಎಸ್‌ಡಿ 5,500, ಕ್ಯಾಬಿನೆಟ್ 2,500, ಮಾನಿಟರ್ ಅದೇ 9,000, ಕೀಬೋರ್ಡ್ ಮೌಸ್ 1,200, ಯುಪಿಎಸ್ ಚಿಕ್ಕದು 4,000. ಎಸ್‌ಎಮ್‌ಪಿಎಸ್ ಮಾತ್ರ ಅದೇ 4,000ದ್ದು, ಮುಂದೆ ಕಾರ್ಡ್ ಹಾಕೋದಿದ್ರೆ ಬದಲಾಯಿಸೋ ಹಂಗಿರಬಾರ್ದು ಅಂತ. ರ್ಯಾಮ್ 16 ಜಿಬಿ 10,000, ಆದ್ರೆ 16ರದ್ದು ಒಂದೇ ಕಡ್ಡಿ ಬೇಡ, 8ರದ್ದು ಎರಡು ಕೊಡಿ ಅಂದೆ. ಒಳಗಿರೋ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಈ ರ್ಯಾಮನ್ನೇ ಬಳಸ್ಕೊಳುತ್ತೆ, ಎರಡು ಕಡ್ಡಿ ಹಾಕಿದ್ರೆ ಎರಡು ದಾರೀಲಿ ಡೇಟಾ ಹರಿಯುತ್ತೆ, ಒಂದೇ ಹಾಕಿದ್ರೆ ಎಫ್‌ಪಿಎಸ್ ಅಲ್ಲೇ ಮುಗ್ಗರಿಸುತ್ತೆ. ಅಂಗಡಿ ಹುಡುಗ ಒಂದೇ ಕಡ್ಡಿ ತಗೊಳ್ಳಿ ಸರ್, ಮುಂದೆ ಇನ್ನೊಂದು ಹಾಕ್ಬಹುದು ಅಂತ ಒಳ್ಳೇ ಮನಸಿಂದಲೇ ಹೇಳಿದ, ಬೇಡಪ್ಪ ಅಂದೆ. 5600ಜಿಲಿ ಕೊರತೆನೂ ಇದೆ, ಕ್ಯಾಶ್ ಅನ್ನೋ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ 5600ರ ಅರ್ಧ, 16 ಎಂಬಿ, ಕಾರ್ಡಿಗೆ ಡೇಟಾ ಹರಿಯೋ ದಾರಿ ಪಿಸಿಐಇ ಮೂರನೇ ಪೀಳಿಗೇದು, ಮುಂದೆ ಕಾರ್ಡ್ ಹಾಕಿದಾಗ ಅದರ ಪೂರ್ತಿ ಶಕ್ತಿ ಹೊರಗೆ ಬರಲ್ಲ. ಅದನ್ನ ತಮ್ಮನಿಗೆ ಮೊದಲೇ ಹೇಳಿ ಒಪ್ಪಿಸಿದೆ.

ಒಟ್ಟು 55,200. ಕನ್ಸೋಲನ್ನ ಹಿಂಗೆ ಅರ್ಧ ತಗೊಂಡು ಇನ್ನರ್ಧ ಮುಂದಿನ ಬೆಳೆಗೆ ಅಂತ ಬಿಡಕ್ಕಾಗಲ್ಲ, ಪಿಸಿಲಿ ಆಗುತ್ತೆ, ರ್ಯಾಮ್ ರೇಟ್ ಎಷ್ಟೇ ಏರಿದ್ರೂ ಆ ಒಂದು ಗುಣ ಪಿಸಿ ಹತ್ರ ಉಳ್ಕೊಂಡಿದೆ.

ಸಂಜೆ ರೂಮಲ್ಲಿ ಕೂರಿಸಿ ಜೋಡಿಸಿದ್ವಿ. ಕಾರ್ಡ್ ಕೂರೋ ಉದ್ದನೇ ಸ್ಲಾಟು ಖಾಲಿ, ಕ್ಯಾಬಿನೆಟ್ ಹಿಂದಿನ ಆ ತಗಡಿನ ಪಟ್ಟಿ ತೆಗೀಲಿಲ್ಲ, ಧೂಳು ಹೋಗದಂಗೆ ಹಂಗೇ ಬಿಟ್ವಿ. ವ್ಯಾಲರಂಟ್ ಸೆಟ್ಟಿಂಗ್ ಎಲ್ಲ ಕೆಳಗಿಟ್ಟು ಹಾಕಿದ್ವಿ, 100ರ ಮೇಲೆ ಆಡ್ತಿತ್ತು, ಮೂರೂ ಜನ ಮಾನಿಟರ್ ಮುಂದೆ ಬಗ್ಗಿ ನಿಂತಿದ್ರು. ಚಿಕ್ಕಪ್ಪಂಗೆ ಫೋನ್ ಮಾಡಿ 14,800 ಉಳಿದೈತಿ, ವಾಪಸ್ ಹಾಕ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಏನಾದ್ರೂ ಕಮ್ಮಿದು ಕೊಡ್ಸಿದ್ಯೇನಪ್ಪಾ ಅಂತ ಕೇಳಿದ್ರು. ಇಲ್ಲ ಚಿಕ್ಕಪ್ಪ, ಈಗ ಬೇಕಾಗಿದ್ದು ಇಷ್ಟೇ ಅಂದೆ. ಹಂಗಾದ್ರೆ ಆ ದುಡ್ಡು ಅವನ ಅಕೌಂಟಿಗೇ ಇರ್ಲಿ, ಮುಂದಿನ ಫೀಸಿಗೆ ಆಗ್ತೈತಿ ಅಂದ್ರು.